ಅತ್ತೆಯ ಓಲೆ

ನಮ್ಮ ಬೀದಿಗೆ ಹಾಲು ಹಾಕುತ್ತಿದ್ದವರನ್ನು ಎಲ್ಲರೂ ಹಾಲಣ್ಣ ಎನ್ನುತ್ತಿದ್ದೆವು. ಮಂಡಿ ನೋವು ಶುರುವಾದ ಮೇಲೆ ಹಸುಗಳನ್ನೆಲ್ಲ ಮಾರಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದರು. ಅದರ ಹೆಸರು ಅತ್ತೆ. ಹೆಸರಿಟ್ಟದ್ದು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಆ ಹಸು ಹುಲ್ಲು ಹಾಕಿದರೂ ಬುಸುಗುಡುವುದು, ನೀರಿಟ್ಟರೂ ಬಕೆಟ್ಟಿಗೆ ಒದೆಯುವುದು. ಆದರೆ ಅಕ್ಕ ಕಣ್ಣಿಗೆ ಬೀಳದಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗುವುದು. ಅಕ್ಕ ಒಳಗಿಂದಲೇ, “ಬಂದೆ ಅತ್ತೆ, ಬಂದೆ,” ಎನ್ನುತ್ತಿದ್ದರು.

“ನಮ್ಮಮ್ಮ ಹೋದ್ಮೇಲೆ ಇವಳಿಗೆ ಜಗಳಕ್ಕೆ ಜನ ಇರಲಿಲ್ಲ, ಅದಕ್ಕೇ ಇದನ್ನ ಸಾಕಿದ್ದಾಳೆ,” ಎಂದು ಹಾಲಣ್ಣ ರೇಗಿಸುವರು.

“ನಿಮ್ಮಮ್ಮನೇ ವಾಸಿ ಇದ್ರು. ಬೈತಿದ್ರು, ಒದೀತಿರ್ಲಿಲ್ಲ,” ಎಂದು ಅಕ್ಕ ಹಸುವಿನ ಕತ್ತು ಕೆರೆಯುತ್ತಲೇ ಹೇಳುವರು.

ಅತ್ತೆಗೆ ಹಾಲು ಬತ್ತಿ ಬಹಳ ಕಾಲವಾಗಿತ್ತು. ಆದರೂ ಮೇವಿನ ಚಿಂತೆ ಇರಲಿಲ್ಲ. ನಾಟಿ ತಳಿ ಅಳಿಯಬಾರದೆಂದು, ಅಂಥ ಹಸುವನ್ನು ಕೊನೆತನಕ ಸಾಕುವವರಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಹೊಲವಿಲ್ಲದ ಆ ಮನೆಗೆ ಹುಲ್ಲು, ಹಿಂಡಿ ಬರುತ್ತಿದ್ದದ್ದು ಅದರಿಂದಲೇ. ಗುರುತಿಗಾಗಿ ಹಸುವಿನ ಕಿವಿಗೆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಚುಚ್ಚಿದ್ದರು. ನಮ್ಮಲ್ಲಿ ಅದನ್ನು ಯಾರೂ ಬಿಲ್ಲೆ ಎನ್ನುವುದಿಲ್ಲ, ಓಲೆ ಎನ್ನುತ್ತೇವೆ. ಪಶು ಇಲಾಖೆಯವರ ಬಾಯಲ್ಲೂ ಅದೇ.

ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನರ್ಸಮ್ಮ ಅವರ ಕಿವಿಯೋಲೆ ಬಿಚ್ಚಿ ಹಾಲಣ್ಣನ ಅಂಗೈಯಲ್ಲಿಟ್ಟರು. ಅವರು ಅದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡರು. ಅಂಗಿ ಬದಲಾದರೂ ಆ ಗಂಟು ಜೇಬಿನಿಂದ ಜೇಬಿಗೆ ಹೋಗುತ್ತಿತ್ತು.

ಸಹಾಯಧನ ಅಕ್ಕನ ಹೆಸರಿನಲ್ಲಿತ್ತು. ಪಶು ಇಲಾಖೆಯ ಹುಡುಗಿ ಫೋನ್ ಮಾಡಿದಳು. “ಅಜ್ಜಾ, ಅದನ್ನ ನಿಮ್ಮ ಹೆಸರಿಗೆ ಮಾಡ್ಬೇಕು. ಬರೋವಾಗ ಹಸು ಓಲೆ ತಗೊಂಡ್ಬನ್ನಿ.”

ಅವಳಿಗೆ ಬೇಕಿದ್ದದ್ದು ಓಲೆಯ ಮೇಲಿನ ನಂಬರು. ಹಾಲಣ್ಣನಿಗೆ ಕೇಳಿಸಿದ್ದು ಓಲೆ. ಸಾಕಿದವಳು ಹೋದಳು, ಅವಳ ಓಲೆ ಬಿಚ್ಚಿದರು. ಈಗ ಹಸುವಿನದೂ ಬಿಚ್ಚಿ ತನ್ನ ಹೆಸರಿನದು ಹಾಕುತ್ತಾರೆ ಎಂದುಕೊಂಡರು. ತಂತಿ ಕತ್ತರಿಸುವ ಇಕ್ಕಳ ತಂದು ತೆಗೆದೇಬಿಟ್ಟರು. ಅತ್ತೆ ಅಂದು ಒದೆಯದೆ ತಲೆ ಬಗ್ಗಿಸಿ ನಿಂತಿತ್ತಂತೆ.

ಆಫೀಸಿನ ಮೇಜಿನ ಮೇಲೆ ಓಲೆ ಕಂಡು ಹುಡುಗಿ ಗಾಬರಿಯಾದಳು. “ಅಯ್ಯೋ ಅಜ್ಜಾ, ಹಸೂನೂ ಹೋಯ್ತಾ?”

“ಇಲ್ಲ ತಾಯಿ, ಕಲ್ಲುಗುಂಡಿನ ಹಾಗಿದೆ. ನೀವೇ ತಾನೇ ಓಲೆ ಕೇಳಿದ್ದು?”

ಆಫೀಸಿಗೆ ಬರಬೇಕಾದದ್ದು ಸತ್ತ ಹಸುವಿನ ಓಲೆ ಮಾತ್ರ. ಸತ್ತದ್ದರ ಓಲೆಯನ್ನು ಇನ್ನೊಂದಕ್ಕೆ ಸಿಕ್ಕಿಸಿ ಹಣ ಎತ್ತಿದವರಿದ್ದರು. ಹಾಗಾಗಿ ಕತ್ತರಿಸಿದ ಓಲೆಯನ್ನು ಮತ್ತೆ ಹಾಕುವಂತಿಲ್ಲ, ಮುದಿ ಹಸುವಿಗೆ ಹೊಸದು ಕೊಡುವ ನಿಯಮವೂ ಇಲ್ಲ. ಹುಡುಗಿ ತಪ್ಪು ತನ್ನದೇ ಎಂದು ಸಾಹೇಬರ ಮುಂದೆ ಅತ್ತಳು. ಸಾಹೇಬರು ಕೊಟ್ಟಿಗೆಗೇ ಬಂದರು, ಅತ್ತೆಯ ತೂತು ಮಾತ್ರ ಉಳಿದ ಕಿವಿ ಹಿಡಿದು ನೋಡಿದರು.

“ಬದುಕಿದೆ ಅಂತ ನಾನು ಬರೀಬಹುದು ಅಜ್ಜ. ಯಾವ ಹಸು ಅಂತ ಬರೀಲಿ?”

“ಅತ್ತೆ ಅಂತ ಬರೀರಿ ಸ್ವಾಮಿ.”

ಸಾಹೇಬರು ಪೆನ್ನು ಮುಚ್ಚಿದರು.

ಸಹಾಯಧನ ನಿಂತ ಮೇಲೆ ಅಕ್ಕಪಕ್ಕದವರು ಕೈಲಾದಷ್ಟು ದಿನ ಹುಲ್ಲು ಕೊಟ್ಟೆವು. ಕೊನೆಗೆ ದೂರದ ದೊಡ್ಡ ದನದ ಫಾರ್ಮಿನವರು ಸಾಕಿಕೊಳ್ಳಲು ಒಪ್ಪಿದರು. ವ್ಯಾನು ಬಂದ ಬೆಳಗ್ಗೆ ನಾನು ದೇವರನ್ನು ಕೇಳಿಕೊಂಡೆ: ಇದೊಂದನ್ನಾದರೂ ಅವರಿಗೆ ಬಿಡಬಾರದೇ?

ಡ್ರೈವರ್ ಹಲಗೆ ಇಳಿಸಿದ. “ಯಜಮಾನ್ರೇ, ಇದರ ಓಲೆ ಎಲ್ಲಿ?”

ಹಾಲಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಗಂಟು ಬಿಚ್ಚಿದರು. ಕೆಂಪು ಹರಳಿನ ಎರಡು ಪುಟ್ಟ ಓಲೆ. ನೋಡಿದರು, ಮತ್ತೆ ಗಂಟು ಹಾಕಿದರು.

“ಇದು ನಮ್ಮವಳದು,” ಎಂದರು. “ಅತ್ತೆದು ಆಫೀಸಲ್ಲಿದೆ.”

ವ್ಯಾನು ಹೊರಟಾಗ ಅತ್ತೆ ಮನೆಯ ಬಾಗಿಲಿನತ್ತ ಕೂಗಿತು. ತಿರುವಿನಲ್ಲಿ ಇನ್ನೊಮ್ಮೆ ಕೂಗಿತು.

ಹಾಲಣ್ಣ ಬೀದಿಯ ನಡುವೆ ನಿಂತು, “ಬಂದೆ ಅತ್ತೆ, ಬಂದೆ,” ಎನ್ನುತ್ತಲೇ ಇದ್ದರು.