ಮೊರ್ವೆನಾಳಿಗೆ ಥ್ಯಾಂಕ್ಸ್ ಹೇಳಬಾರದು

ಕಾರ್ನ್‌ವಾಲಿನ ಆ ಹಳ್ಳಿಯವರು ಬಸ್ಸಿನಿಂದ ಇಳಿಯುವಾಗಲೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುವ ಜನ. ಮೊರ್ವೆನಾಳಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಹೇಳಬಾರದು, ಅದೇ ಕಟ್ಟಳೆ. ನರಹುಲಿಗೋ ದನದ ಹುಳುಕಡ್ಡಿಗೋ ಅವಳು ಮಂತ್ರ ಹಾಕಿದ ಮೇಲೆ ದುಡ್ಡು ಕೊಡಕೂಡದು, ಉಪಕಾರ ಸ್ಮರಿಸಕೂಡದು. ಬಾಯಿ ಬಿಟ್ಟರೆ ಮಂತ್ರ ಕೆಟ್ಟಿತು. ಆ ಒಂದು ಮಾತು ನುಂಗಿಕೊಂಡು ಗೇಟು ದಾಟುವಾಗ ಅವರು ಪಡುವ ಪಾಡು ನೋಡಬೇಕು!

ಅವಳಿಗೆ ಮಂತ್ರ ಕೊಟ್ಟವನು ಸೈಲಸ್ ಎಂಬ ಮುದಿ ಕುರಿಗಾಹಿ. ಗಂಡಸು ಹೆಂಗಸಿಗೆ, ಹೆಂಗಸು ಗಂಡಸಿಗೆ, ಹಾಗೇ ಅದು ದಾಟಬೇಕು. ನಲವತ್ತು ವರ್ಷ ಮೊರ್ವೆನಾ ಒಬ್ಬ ಗಂಡಸಿಗಾಗಿ ಕಾದಳು. ಮದುವೆಗಲ್ಲ, ಮಂತ್ರಕ್ಕೆ. ಮದುವೆಗೂ ಯಾರೂ ಬರಲಿಲ್ಲ ಎನ್ನಿ. ಮಾಟಗಾತಿಯ ಮನೆಗೆ ಕೆಲಸವಿದ್ದವರು ಬರುತ್ತಾರೆ, ಚಹಾ ಕುಡಿಯಲು ಯಾರು ಬರುತ್ತಾರೆ? ಆ ಒಂಟಿತನದಲ್ಲೇ ಮಾಟದ ಬಗ್ಗೆ ನಾಲ್ಕು ಪುಸ್ತಕ ಬರೆದಳು. ಎಪ್ಪತ್ತು ದಾಟಿದಾಗ ಭಯ ಹಿಡಿಯಿತು: ತನ್ನ ಜೊತೆ ಮಂತ್ರವೂ ಮಣ್ಣಾದರೆ? ಐದನೆಯ ಪುಸ್ತಕದಲ್ಲಿ ಅದನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿಸಿಬಿಟ್ಟಳು.

ಪುಸ್ತಕ ಚೆನ್ನಾಗಿ ಖರ್ಚಾಯಿತು. ಲಂಡನ್ನಿನಿಂದ, ಲೀಡ್ಸಿನಿಂದ ಕಾಗದ ಬಂದವು, ಎಲ್ಲದರಲ್ಲೂ ಥ್ಯಾಂಕ್ಸೇ ಥ್ಯಾಂಕ್ಸು. ಊರಿನವರು ಮಾತ್ರ ಬರುವುದು ನಿಲ್ಲಿಸಿದರು.

"ಪೇಟೆಯವರಿಗೆಲ್ಲ ಹಂಚಿದ್ಮೇಲೆ ಇವಳ ಹತ್ರ ಏನ್ ಉಳೀತು, ಮಣ್ಣು?" ಎಂದಳು ಅಂಗಡಿಯ ಡೋರೀನ್, ಕೇಳಿಸಲಿ ಎಂದೇ.

ಎರಡು ಚಳಿಗಾಲ ಗೇಟು ಸದ್ದು ಮಾಡಲಿಲ್ಲ. ಮೊರ್ವೆನಾ ಚಹಾದ ಕೆಟಲ್ಲಿನ ಜೊತೆ ಮಾತಾಡತೊಡಗಿದಳು. ಅವಳಿಗೂ ಅನುಮಾನ ಹತ್ತಿತ್ತು. ಶಕ್ತಿ ನಿಜವಾಗಿಯೂ ಹೋಯಿತೇ?

ಮಾರ್ಚ್ ತಿಂಗಳಲ್ಲಿ ರೈತ ಡೆನ್ಜಿಲ್ ಟೋಪಿ ಹಿಂಡುತ್ತಾ ಬಾಗಿಲಲ್ಲಿ ನಿಂತಿದ್ದ. ಚಿಕ್ಕಂದಿನಲ್ಲಿ ಅವನ ಕೈಯ ನರಹುಲಿ ತೆಗೆದವಳು ಇವಳೇ.

"ಕರುಗಳಿಗೆ ಹುಳುಕಡ್ಡಿ ಕಣ್ರೀ. ಡಾಕ್ಟ್ರ ಮುಲಾಮು ಹಚ್ಚೀ ಹಚ್ಚೀ ಸಾಕಾಯ್ತು."

"ಪುಸ್ತಕ ತಗೊಂಡು ನೀನೇ ಓದ್ಕೋಬಹುದಿತ್ತಲ್ಲೋ."

"ಓದ್ದೆ. ಕರು ನನ್ನ ಮುಖ ನೋಡಿ ಕೆಮ್ತು."

ಎರಡು ವರ್ಷದಲ್ಲಿ ಮೊದಲ ಸಲ ಮೊರ್ವೆನಾ ನಕ್ಕಳು. ಅವನ ಕೊಟ್ಟಿಗೆಗೆ ಹೋಗಿ ಒಂದೊಂದು ಕರುವಿನ ನೆತ್ತಿ ಮುಟ್ಟಿ ಗುನುಗಿದಳು. ಡೆನ್ಜಿಲ್ ತಲೆ ತಗ್ಗಿಸಿಕೊಂಡೇ ಅವಳ ಮನೆಯ ಗೇಟಿನವರೆಗೆ ಬಿಟ್ಟುಹೋದ.

ಆಮೇಲೆ ಸುದ್ದಿಯಿಲ್ಲ. ಐದು ವಾರ ಕಳೆದು ಮೊರ್ವೆನಾ ಬ್ರೆಡ್ಡಿಗೆಂದು ಅಂಗಡಿಗೆ ಹೋದಾಗ ಡೆನ್ಜಿಲ್ ಡೋರೀನಳಿಗೆ ಹೇಳುತ್ತಿದ್ದ, "ಒಂದೂ ಕಲೆ ಇಲ್ಲ ಮಾರಾಯ್ತಿ, ಎಲ್ಲಕ್ಕೂ ಹೊಸ ಕೂದಲು ಬಂದಿದೆ." ತಿರುಗಿದವನು ಮೊರ್ವೆನಾಳನ್ನು ಕಂಡ. ಅವನ ಬಾಯಿ ತೆರೆಯಿತು.

ಮೊರ್ವೆನಾಳಿಗೆ ಅನ್ನಿಸಿತು: ಆ ಮಾತು ಅಂದುಬಿಟ್ಟನೋ, ಮುಗಿಯಿತು. ತಾನು ಪುಸ್ತಕ ಬರೆದ ಒಬ್ಬ ಮುದುಕಿ, ಅಷ್ಟೇ.

ಡೆನ್ಜಿಲ್ ತುಟಿ ಕಚ್ಚಿಕೊಂಡ. ಮುಖ ಕಿವಿಯವರೆಗೂ ಕೆಂಪಾಯಿತು. ಗುರುತೇ ಇಲ್ಲದವನ ಹಾಗೆ ಬೆನ್ನು ತಿರುಗಿಸಿ, ಒಂದು ಮಾತೂ ಆಡದೆ ಹೊರಟುಹೋದ.

ಮೊರ್ವೆನಾ ಬ್ರೆಡ್ಡನ್ನು ಅವುಚಿಕೊಂಡು ದಾರಿಯುದ್ದಕ್ಕೂ ಸಂತೋಷಕ್ಕೆ ಅತ್ತಳು. ಯಾರಿಗಾದರೂ ಹೇಳಿಕೊಳ್ಳಬೇಕು ಎನಿಸಿತು. ಮನೆಯಲ್ಲಿ ಕೆಟಲ್ ಒಂದೇ ಇತ್ತು, ಅದಕ್ಕೇ ಹೇಳಿದಳು.