ತೊಂಬತ್ತೇಳೂವರೆ

ನಿನ್ನೆ ಹೊಳಲ್ಕೆರೆಯ ನಮ್ಮ ಹೈಸ್ಕೂಲಿನಲ್ಲಿ ಸ್ಪಿರಿಟ್ ದೀಪ ಹಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂಬತ್ತನೇ ಕ್ಲಾಸಿನ ನನ್ನ ವಿಜ್ಞಾನದ ಟೀಚರು ಕಣ್ಣ ಮುಂದೆ ಬಂದರು...

ಅದು ಹೊಸದುರ್ಗದ ಕಡೆಯ ಹಳ್ಳಿಶಾಲೆ. ಅವರು ಓದಿದ್ದು ಗಣಿತ. ವಿಜ್ಞಾನಕ್ಕೆ ಬೇರೆ ಯಾರೂ ಇಲ್ಲವೆಂದು ಅದನ್ನೂ ಅವರ ಕೊರಳಿಗೆ ಕಟ್ಟಿದ್ದರು. ಪ್ರಯೋಗದ ಸಾಮಾನೆಲ್ಲ ಹೆಡ್‌ಮಾಸ್ಟರ ಬೀರುವಿನಲ್ಲಿ ಭದ್ರವಾಗಿತ್ತು, ಇನ್‌ಸ್ಪೆಕ್ಷನ್ನಿಗೆ ತೋರಿಸಲಿಕ್ಕೆ ಮಾತ್ರ. ಟೀಚರು ಹಟ ಹಿಡಿದು ಇದ್ದೊಂದು ಥರ್ಮಾಮೀಟರನ್ನು ಈಚೆ ತೆಗೆಸಿ, ನೀರು ಕುದಿಸಿ, ಎಷ್ಟಕ್ಕೆ ಕುದಿಯಿತು ಬರೆಯಿರಿ ಎಂದರು. ಎಲ್ಲರೂ ಪುಸ್ತಕದಲ್ಲಿದ್ದ ನೂರು ಬರೆದರು. ನಾನೊಬ್ಬಳು ತೊಂಬತ್ತೇಳೂವರೆ ಬರೆದೆ.

"ಸರಿಯಾಗಿ ನೋಡವ್ವ. ನೀರು ಕುದಿಯೋದು ನೂರಕ್ಕೇ" ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಅವತ್ತಿನಿಂದ ಕ್ಲಾಸಿನಲ್ಲಿ ನನ್ನ ಹೆಸರೇ 'ತೊಂಬತ್ತೇಳೂವರೆ' ಆಯಿತು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯಿತು. ಮುಂದಿನ ಪ್ರಯೋಗಗಳನ್ನೆಲ್ಲ ಪುಸ್ತಕ ನೋಡಿಯೇ ಬರೆದೆ.

ಹದಿನೈದು ದಿನ ಕಳೆದಿರಬೇಕು... ಟೀಚರು ಬಂದವರೇ ನನ್ನ ರೆಕಾರ್ಡು ಕೇಳಿದರು. ತಾವು ಎಳೆದಿದ್ದ ಕೆಂಪು ಗೆರೆಯನ್ನು ತಾವೇ ಹೊಡೆದುಹಾಕಿ, 'ತಪ್ಪು ನನ್ನದು' ಎಂದು ಬರೆದು ಸಹಿ ಮಾಡಿ, ಇಡೀ ಕ್ಲಾಸಿಗೆ ಹೇಳಿದರು:

"ನಾನೂ ಮೂರು ಸಲ ಕುದಿಸಿ ನೋಡ್ದೆ. ದುರ್ಗದ ಲೈಬ್ರರಿಗೆ ಹೋಗಿ ಓದ್ದೆ. ನಮ್ಮೂರು ಸಮುದ್ರಕ್ಕಿಂತ ಎತ್ತರದಾಗೈತೆ, ಗಾಳಿ ಒತ್ತಡ ಕಮ್ಮಿ. ಅದ್ಕೇ ನೂರಾಗೋಕೆ ಮುಂಚೇನೇ ಕುದೀತೈತೆ. ಇವಳು ಥರ್ಮಾಮೀಟರ್ ನೋಡಿದ್ಲು, ನಾನು ಪುಸ್ತಕ ನೋಡಿದ್ದೆ."

ಟೀಚರೂ ತಪ್ಪು ಮಾಡುತ್ತಾರೆ, ಮಾಡಿದ್ದನ್ನು ಒಪ್ಪಿಕೊಳ್ಳುತ್ತಾರೆ ಎಂಬುದು ನಮಗೆ ಕುದಿಯುವ ನೀರಿಗಿಂತ ದೊಡ್ಡ ಸುದ್ದಿ. ನಾನು ವಿಜ್ಞಾನ ಓದಿ ಟೀಚರಾಗಿದ್ದು ಆ ಸಹಿಯ ದೆಸೆಯಿಂದ.

ಟೀಚರಾಗಿ ಮಾಡಿದ್ದೇನು? ಸಿಲಬಸ್ಸು, ರಿಸಲ್ಟು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ನೂರು ಬರೆದು, ಮಕ್ಕಳ ಕೈಯಲ್ಲಿ ನಕಲು ಮಾಡಿಸಿದೆ. ಎರಡು ವರ್ಷದ ಕೆಳಗೆ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಸಿಕ್ಕಿದ್ದರು. ಬಹಳ ಇಳಿದುಹೋಗಿದ್ದರು.

"ಮಕ್ಕಳ ಕೈಗೆ ಥರ್ಮಾಮೀಟರ್ ಕೊಡ್ತೀಯೇನವ್ವ?"

"ಕೊಡ್ತೀನಿ ಟೀಚರ್" ಎಂದೆ. ಶುದ್ಧ ಸುಳ್ಳು. ಅವರ ಮುಖ ಅರಳಿದ್ದು ನೋಡಿ ನಾಚಿಕೆಯಿಂದ ಕುಗ್ಗಿಹೋದೆ... ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು.

ನಿನ್ನೆ ನಮ್ಮ ಶಾಲೆಯ ಬೀರುವಿನ ಬೀಗ ತೆಗೆದು ಥರ್ಮಾಮೀಟರನ್ನು ಮಕ್ಕಳ ಕೈಗೆ ಕೊಟ್ಟದ್ದು ಅದಕ್ಕೇ. ನೀರು ಕುದಿಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಹೆದರುತ್ತಲೇ ಕೇಳಿದಳು:

"ಮಿಸ್, ತೊಂಬತ್ತೇಳೂವರೆಗೇ ನಿಂತೈತೆ. ಏನ್ ಬರೀಲಿ?"

"ಕಂಡಿದ್ದು ಬರಿಯವ್ವ" ಎಂದೆ. ಟೀಚರಿಗೆ ಹೇಳಿದ್ದ ಸುಳ್ಳು ನಿಜವಾಗುವ ಹೊತ್ತಿಗೆ ಟೀಚರೇ ಇರಲಿಲ್ಲ.