ಬಾಗೂರು ಎಂದು ಹಾಕಿದ ಸುದ್ದಿ

ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಪಶ್ಚಾತ್ತಾಪದ ಮಾತಿನಂತೆ ಕೇಳಿಸುತ್ತದೆ. ನನಗೋ ಆ ಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದಲ್ಲಿ ಬೆಂಗಳೂರಿನ ಒಂದು ದಿನಪತ್ರಿಕೆಗೆ ವರದಿಗಾರ. ಅವನು ಹೊಸದುರ್ಗದಲ್ಲಿ ನಾಲ್ಕು ಪುಟದ ಒಂದು ವಾರಪತ್ರಿಕೆಗೆ ಸಂಪಾದಕ, ಮುದ್ರಕ, ಅಚ್ಚಿನ ಮೊಳೆ ಜೋಡಿಸುವವ, ಅಂಚೆ ಕಚೇರಿಗೆ ಕಟ್ಟು ಹೊತ್ತುಕೊಂಡು ಹೋಗುವವ, ಎಲ್ಲವೂ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಪ್ರಬಂಧ ಓದಿಸಬೇಕಾದಾಗ ಮೇಷ್ಟ್ರು ಯಾವಾಗಲೂ ಅವನನ್ನೇ ಎಬ್ಬಿಸುತ್ತಿದ್ದರು. ನನ್ನ ಅಕ್ಷರ ಅವನದಕ್ಕಿಂತ ದುಂಡಗಿತ್ತು. ಅದು ಯಾರಿಗೂ ಬೇಕಿರಲಿಲ್ಲ.

ಅವನಿಗೊಂದು ಹುಚ್ಚು ಅಭ್ಯಾಸವಿತ್ತು. ಯಾರ ಬಗ್ಗೆ ಸುದ್ದಿ ಬರೆದನೋ ಅವರಿಗೆ ಅದನ್ನು ಓದಿ ಹೇಳದೆ ಅಚ್ಚು ಹಾಕುತ್ತಿರಲಿಲ್ಲ. ಒದ್ದೆ ಶಾಯಿಯ ಪ್ರೂಫನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸೈಕಲ್ ತುಳಿಯುತ್ತಿದ್ದ. ಊರ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿ, "ಸರಿ ಐತೇನ್ರಿ?" ಎಂದು ಕೇಳುತ್ತಿದ್ದ. ಅವರು "ಆ ಮಾತು ಹಂಗಲ್ಲ, ಹಿಂಗೆ" ಎಂದರೆ ಪೆನ್ಸಿಲ್ಲಿನಲ್ಲಿ ತಿದ್ದಿಕೊಳ್ಳುತ್ತಿದ್ದ. ನಾನು ಇದನ್ನು ಹೇಳಿಕೊಂಡು ನಗುತ್ತಿದ್ದೆ. ಅವನ ಸಂಪಾದಕರೆಲ್ಲ ದನ ಕಾಯುವವರು ಎಂದು ಹೋಟೆಲಿನಲ್ಲಿ ಗೇಲಿ ಮಾಡಿದ್ದೂ ಉಂಟು.

ಆದರೆ ಹಿರಿಯೂರಿನ ಪಕ್ಕದ ಬಬ್ಬೂರು ಫಾರಂನಲ್ಲಿ ಒಮ್ಮೆ ರೈತರ ಸಭೆ ನಡೆದಾಗ ನಗು ಬರಲಿಲ್ಲ. ದೊಡ್ಡ ಪತ್ರಿಕೆಯವನೆಂದು ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದರು. ಸಭೆ ಮುಗಿದ ಮೇಲೆ ನೋಡುತ್ತೇನೆ, ರೈತರೆಲ್ಲ ಹುಣಸೆ ಮರದ ಕೆಳಗೆ ಅವನನ್ನು ಸುತ್ತುವರಿದು ಕುಳಿತಿದ್ದಾರೆ. ನನ್ನ ಹತ್ತಿರ ಬಂದದ್ದು ಕುರ್ಚಿ ವಾಪಸು ಒಯ್ಯುವವನೊಬ್ಬನೇ.

ಅದೇ ವರ್ಷ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ, ಪ್ರಜಾಪ್ರಭುತ್ವದಲ್ಲಿ ಪತ್ರಿಕೆಗಳ ಹೊಣೆ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದೆ. ಭಾಷಣದಲ್ಲಿ ದನಕುರಿ ನೀರು ಕುಡಿಯುವ ಗೋಕಟ್ಟೆಗಳ ಮಾತು ಇರಲಿಲ್ಲ. ಗೋಕಟ್ಟೆಯ ಸುದ್ದಿ ಬಂದದ್ದು ಆಮೇಲೆ.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆ. ಹೋಟೆಲಿನವರು ಅವನ ವಾರಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. ಹೊಸದುರ್ಗದ ಕಡೆಯ ಬಾಗೂರಿನ ಬಳಿ ಒಂದು ಕುರಿಗಾಹಿಗಳ ಹಟ್ಟಿ. ಹತ್ತಿಗೆ ಔಷಧಿ ಹೊಡೆದ ಯಾರೋ ಪಂಪು, ಡಬ್ಬಗಳನ್ನು ಅಲ್ಲಿನ ಗೋಕಟ್ಟೆಯಲ್ಲಿ ತೊಳೆದಿದ್ದರು. ನೀರು ಕುಡಿದ ನಾಲ್ಕು ಕುರಿ ಸತ್ತಿದ್ದವು. 'ಈ ಗೋಕಟ್ಟೆಯ ನೀರನ್ನು ಕುರಿಗಳಿಗೆ ಕುಡಿಸಬೇಡಿ' ಎಂದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದ.

"ನೋಡ್ರಿ, ನಿಮ್ ಗೆಳೆಯ ಹೆಂಗೆ ಬರ್ದವ್ನೆ. ಇಂಥದ್ದು ನಿಮ್ ಪೇಪರ್‌ನಾಗೆ ಬರಲ್ವಲ್ರಿ" ಎಂದರು ಹೋಟೆಲಿನವರು.

ದೋಸೆಯನ್ನು ಅರ್ಧಕ್ಕೇ ಬಿಟ್ಟು, ಪಶುವೈದ್ಯ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ಕಾಗದದಿಂದ ತಲೆ ಎತ್ತದೆ ಹೇಳಿದರು: "ವಿಷಗಿಷ ಏನೂ ಇಲ್ಲ ಕಣ್ರಿ. ಮಳೆ ಬಿದ್ದ ಮೇಲೆ ಹೊಸ ಹುಲ್ಲು ತಿಂದು ಹೊಟ್ಟೆ ಉಬ್ಬರಿಸಿರುತ್ತೆ."

ನೀವು ಹೋಗಿ ನೋಡಿದಿರಾ ಎಂದು ನಾನು ಕೇಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಭಾಷಣದಲ್ಲಿ ಬಳಸಿದ್ದವನು ನಾನೇ. ಆದರೆ ನನಗೆ ಬೇಕಿದ್ದದ್ದು ಪ್ರಮಾಣವಲ್ಲ, ಅವನು ಸುಳ್ಳುಗಾರ ಎನ್ನುವ ಒಂದು ಮಾತು. ಅದು ಸಿಕ್ಕಿತ್ತು.

ನಮ್ಮ ಕಸುಬಿನಲ್ಲಿ ಸುದ್ದಿಯ ತಲೆಗೆ ಒಂದು ಊರಿನ ಹೆಸರು ಹಾಕುತ್ತೇವೆ. ಸುದ್ದಿ ಬರೆದದ್ದು ಆ ಊರಿನಿಂದ ಎಂದು ಅದರ ಅರ್ಥ. 'ಚಿತ್ರದುರ್ಗ' ಎಂದು ಹಾಕಿದರೆ ಕಚೇರಿಯ ಸುದ್ದಿಯಾಗುತ್ತದೆ, ತೂಕ ಬರುವುದಿಲ್ಲ. ಬಾಗೂರಿಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು. ಬಿಸಿಲು ಬೇರೆ. ಹೋಟೆಲಿನ ಮೂಲೆಯ ಮೇಜಿಗೆ ಬಂದು ಕುಳಿತು 'ಬಾಗೂರು' ಎಂದು ಬರೆದೆ. ಅದರ ಕೆಳಗೆ ಸಾಹೇಬರ ಮಾತನ್ನೆಲ್ಲ ಇಳಿಸಿದೆ. ಕವರನ್ನು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಎರಡನೆಯ ದಿನ ಅಚ್ಚಾಗಿ ಬಂತು: 'ಗೋಕಟ್ಟೆಗೆ ವಿಷ: ವದಂತಿ ನಿರಾಧಾರ'. ಆ ಸಂತೋಷಕ್ಕೆ ಹೋಟೆಲಿನಲ್ಲಿದ್ದ ಮೂವರಿಗೆ ಕಾಫಿ ಕೊಡಿಸಿದೆ.

ಮುಂದಿನ ವಾರ ಅವನಿಂದ ಒಂದು ಕಾರ್ಡು ಬಂತು. 'ಬಾಗೂರಿನ ಹಟ್ಟಿಗೆ ಬಾ. ನಿನ್ನ ಸುದ್ದಿ ನಂಬಿದವರು ನಿನ್ನನ್ನು ನೋಡಬೇಕಂತೆ.' ಜಗಳವಾಡಲು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಹೊರಟೆ.

ಹಟ್ಟಿಯ ಅಂಚಿನಲ್ಲಿ ಮುಳ್ಳುಬೇಲಿಯ ಒಂದು ಕುರಿರೊಪ್ಪ. ಅದರಲ್ಲಿ ಆರು ಎಳೆಮರಿಗಳು ಮಾತ್ರ ಇದ್ದವು, ಬಿಡದೆ ಅರಚುತ್ತಿದ್ದವು. ದೊಡ್ಡ ಕುರಿಗಳೆಲ್ಲ ಸತ್ತಿದ್ದವು. ಇವು ಇನ್ನೂ ನೀರು ಕುಡಿಯುವ ವಯಸ್ಸಿನವಲ್ಲ, ಹಾಗಾಗಿ ಉಳಿದಿದ್ದವು. ರೊಪ್ಪದ ಯಜಮಾನ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕ. ಅವನ ಪಕ್ಕದಲ್ಲಿ ನನ್ನ ಗೆಳೆಯ. ಮುದುಕನ ಹೆಂಡತಿ ನನ್ನನ್ನು ನೋಡಿ ಗಡಿಬಿಡಿಯಿಂದ ಎದ್ದು ಕಂಬಳಿ ಹಾಸಿದರು.

"ಬರ್ರಿ ಸ್ವಾಮಿ, ಕುಂತ್ಕಳ್ರಿ" ಎಂದು ಮೊದಲು ಒಂದು ಚೊಂಬು ನೀರು ತಂದುಕೊಟ್ಟರು. ನಾನು ಕುಡಿದ ಮೇಲೆ ಕೇಳಿದರು: "ಅವತ್ತು ಬಂದಾಗ ಯಾರ ಮನೇಗೆ ಹೋಗಿದ್ರಿ ಸ್ವಾಮಿ? ಊರೆಲ್ಲ ಕೇಳ್ದೆ, ಯಾರೂ ನೋಡಿಲ್ಲ ಅಂದ್ರು. ಪೇಪರ್‌ನೋರು ಅಷ್ಟು ದೂರದಿಂದ ಬಂದ್ರೆ ಒಂದು ಚೊಂಬು ನೀರೂ ಕೊಡ್ದೆ ಕಳಿಸಿದ್ವಲ್ಲ ಅಂತ ಬೇಜಾರಾಗಿತ್ತು."

ಚೊಂಬನ್ನು ಕೆಳಗಿಟ್ಟೆ. "ನಾನು ಬಂದಿರಲಿಲ್ಲ ಅಜ್ಜಿ" ಎಂದೆ.

ಮುದುಕ ಕತ್ತೆತ್ತಿದ. "ಮತ್ತೆ ಬಾಗೂರು ಅಂತ ಹಾಕಿತ್ತಲ್ಲ? ಟೀ ಅಂಗಡೀಲಿ ಬಾಗೂರು ಅಂತ್ಲೇ ಓದಿ ಹೇಳಿದ್ರು. ಇವನು ಬರ್ದ ಮೇಲೆ ನಾಕು ದಿನ ಕುರೀನ ದೂರದ ಕೆರೆಗೆ ಹೊಡ್ಕಂಡು ಹೋಗ್ತಿದ್ದೆ. ಆಪೀಸ್‌ನೋರು ಬಂದು ಹೇಳಿದ್ರೆ ನಾನು ನಂಬ್ತಿರಲಿಲ್ಲ. ಪೇಪರ್‌ನೋರು ಬಂದು ನೋಡಿ ಬರ್ದವ್ರೆ ಅಂತ ಇಲ್ಲೇ ಕುಡಿಸ್ದೆ."

ಗೆಳೆಯ ಒಂದು ಮಾತೂ ಆಡಲಿಲ್ಲ. ಆಗಲೂ ನನಗೆ ಹೊಟ್ಟೆ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಅವನೊಬ್ಬನಿಗೇ ಹೀಗೆ ಸುಮ್ಮನಿರುವ ಯೋಗ್ಯತೆ ಬಂದದ್ದು ಹೇಗೆ ಎಂದು ಉರಿಯಿತು.

ಅಲ್ಲೇ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ತಿದ್ದುಪಡಿ ಬರೆದೆ. ಗೋಕಟ್ಟೆಯ ನೀರು ವಿಷವಾಗಿರುವುದು ನಿಜ, ಹಿಂದಿನ ವರದಿಯಲ್ಲಿ ತಪ್ಪು ಮಾಹಿತಿ ಇತ್ತು, ಕುರಿಗಾಹಿಗಳು ಎಚ್ಚರದಿಂದಿರಬೇಕು. ಬರೆದು ಮುಗಿಸಿ, ಜೀವಮಾನದಲ್ಲಿ ಮೊದಲ ಸಲ, ನನ್ನ ಸುದ್ದಿಯನ್ನು ಅದು ಯಾರ ಬಗ್ಗೆಯೋ ಅವರಿಗೇ ಓದಿ ಹೇಳಿದೆ. "ಸರಿ ಐತಾ ಅಜ್ಜಿ?" ಎಂದೆ. ಅವನ ಮಾತನ್ನೇ ಕದ್ದಿದ್ದೆ.

ಅಜ್ಜಿ ಕಾಗದದ ಕಡೆ ಬೆರಳು ತೋರಿಸಿದರು. "ಇರೋದೆಲ್ಲ ಸರಿ ಐತೆ ಸ್ವಾಮಿ. ನೀವು ಬಂದಿರಲಿಲ್ಲ ಅನ್ನೋದು ಎಲ್ಲೈತೆ?"

'ಆ ಸುದ್ದಿ ಬರೆದ ವರದಿಗಾರ ಬಾಗೂರಿಗೆ ಹೋಗಿರಲಿಲ್ಲ' ಎಂದು ಸೇರಿಸಿದೆ. ಹಾಗೇ ಬೆಂಗಳೂರಿಗೆ ಕಳಿಸಿದೆ. ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಆ ಒಂದು ವಾಕ್ಯ ಮಾತ್ರ ಇರಲಿಲ್ಲ. ಕಿತ್ತದ್ದು ನಾನಲ್ಲವಲ್ಲ ಎಂದು ಮೂರು ದಿನ ಸಮಾಧಾನ ಮಾಡಿಕೊಂಡೆ. ನಾಲ್ಕನೆಯ ದಿನ ಆ ವಾಕ್ಯವನ್ನೂ ಸೇರಿಸಿ ತಿದ್ದುಪಡಿಯನ್ನು ಮತ್ತೆ ಬರೆದೆ. ಹೊಸದುರ್ಗದ ಬಸ್ಸು ಹತ್ತಿದೆ.

ಅವನ ಪ್ರೆಸ್ಸು ಒಂದೇ ಕೋಣೆಯದು. ಕಾಗದ ಕೈಗಿಟ್ಟು, "ನನ್ನ ಹೆಸರು ಹಾಕಿಯೇ ಅಚ್ಚು ಹಾಕು" ಎಂದೆ. ಅವನು ನಿಂತೇ ಮೊಳೆ ಜೋಡಿಸಿದ, ಶಾಯಿ ಉರುಳಿಸಿದ, ಪ್ರೂಫ್ ತೆಗೆದ. ಓದಿಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ. ಹಟ್ಟಿಯವರಿಗೆ ಹೇಗೋ ನನಗೂ ಹಾಗೇ, ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ನನ್ನ ಹೆಸರು ಓದಿದ. ನಾನು ಬಾಗೂರಿಗೆ ಹೋಗಿರಲಿಲ್ಲ ಎಂಬುದನ್ನು ಓದಿದ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ಲು ಕೈಗೆ ತೆಗೆದುಕೊಂಡು ಕೇಳಿದ: "ಸರಿ ಐತೇನಪ್ಪ?"

"ಸರಿ ಐತೆ" ಎಂದೆ.

ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಆಗುತ್ತಿದ್ದಂತೆ ಆ ದಿನವೂ ನಿಂತು ಓದಿದವನು ಅವನೇ. ಬರೆದವನು ಮಾತ್ರ ಈ ಸಲ ನಾನು.